ಹೊಳೆ ದಾಟಿಸದ ಸೂತ್ರಧಾರ

ಪ್ರಯಾಣವೆಂಬುದು ಗಮ್ಯಸ್ಥಾನವನ್ನು ಸೇರುವುದಕ್ಕಾಗಿ ಮನುಷ್ಯನು ಸಹಿಸತಕ್ಕ ಒಂದು ಕ್ಲೇಶವೆಂದು ನಮ್ಮಂತಹ ಸಾಮಾನ್ಯರು ಭಾವಿಸಿರುವಾಗ, ಆ ಕ್ಲೇಶವೇ ಪ್ರಯಾಣದ ಪರಮಪ್ರಯೋಜನವೆಂದೂ, ಗಮ್ಯಸ್ಥಾನವು ಕ್ಲೇಶಕ್ಕೊಂದು ನೆಪವನ್ನೊದಗಿಸುವುದಕ್ಕಾಗಿ ಭೂಪಟದ ಅಂಚಿನಲ್ಲಿ ಗುರುತುಮಾಡಿದ ಚುಕ್ಕೆ ಮಾತ್ರವೆಂದೂ ದೃಢವಾಗಿ ನಂಬಿದ ಒಂದು ವರ್ಗದವರು ಬೆಂಗಳೂರಿನಲ್ಲಿ ಈಚೆಗೆ ಕಾಣಿಸಿಕೊಂಡಿದ್ದಾರೆ. ವಾರದ ಐದು ದಿನಗಳಲ್ಲಿ ಇವರನ್ನು ಇತರರಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಕಂಪ್ಯೂಟರಿನ ಮುಂದೆ ಕುಳಿತು ಕೋಡು ಬರೆಯುತ್ತಾರೆ. ಆಟೋ ಬರುವುದು ಐದು ನಿಮಿಷ ತಡವಾದರೆ ಗೊಣಗುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಎರಡನೆಯ ಹೋಳಿಗೆ ಬೇಡವೆನ್ನುತ್ತ ಎಲೆಗೆ ಕೈ ಅಡ್ಡ ಹಿಡಿದೂ ಹಿಡಿಯದವರಂತೆ ಇರುತ್ತಾರೆ. ಆದರೆ ಶನಿವಾರದ ಸಂಜೆ ನಾಲ್ಕೈದು ಮಂದಿ ಸ್ನೇಹಿತರು ಊಟದ ಮೇಜಿನ ಸುತ್ತ ನೆರೆದು, ಮೇಜಿನ ಒಂದು ತುದಿಯಲ್ಲಿ ಮಡಿಕೆಮಡಿಕೆಯಾದ ರಟ್ಟಿನ ತೆರೆಯೊಂದು ಎದ್ದು ನಿಂತು, ಅದರ ಹಿಂದೆ ಇವರು ಆಸೀನರಾದರೆಂದರೆ, ಆ ಕ್ಷಣದಿಂದ ಮಳೆಯೂ ಇವರೇ, ಹೊಳೆಯೂ ಇವರೇ, ಕರಡಿಯೂ ಇವರೇ, ಸುಂಕದ ಕಟ್ಟೆಯವನೂ ಇವರೇ.

ಈ ಆಟವನ್ನು ಕಾಣದ ಓದುಗರಿಗೆ ಎರಡು ಮಾತು ಹೇಳಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದು ಲೋಕಪ್ರಸಿದ್ಧವಾದ ಇದರಲ್ಲಿ ಪಗಡೆಯ ಹಾಸಿಲ್ಲ, ಚದುರಂಗದ ಜಯಾಪಜಯಗಳಿಲ್ಲ. ಒಬ್ಬ ಯೋಧ, ಒಬ್ಬಳು ಮಂತ್ರವಾದಿನಿ, ಒಬ್ಬ ಚೋರ ಎಂದು ಆಡುವವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ತಾವು ಏನು ಮಾಡುವೆವೆಂಬುದನ್ನು ಬಾಯಿಮಾತಿನಲ್ಲಿ ಹೇಳುವುದು. ಹಾಗೆ ಮಾಡಿದುದರ ಫಲವೇನೆಂಬುದನ್ನು ತೆರೆಯ ಹಿಂದಿನವನು ಹೇಳುವುದು. ಫಲವು ಸಂದಿಗ್ಧವಾದಲ್ಲಿ ಇಪ್ಪತ್ತು ಮುಖದ ದಾಳವೊಂದನ್ನು ಉರುಳಿಸಿ ಅದೃಷ್ಟದೇವತೆಯ ಅಭಿಪ್ರಾಯವನ್ನು ಪಡೆಯುವುದು. ಇಷ್ಟೇ ಆಟ. ತೆರೆಯ ಹಿಂದಿನವನನ್ನು ಅವರವರಲ್ಲಿ ಡಿ.ಎಂ. ಎನ್ನುತ್ತಾರೆ, ನಾನು ಸೂತ್ರಧಾರನೆನ್ನುತ್ತೇನೆ.

ಸೂತ್ರಧಾರರಲ್ಲಿ ಪಂಗಡಗಳುಂಟು. 'ಮೂರು ವಾರ ನಡೆದಿರಿ, ಕೋಟೆ ಬಂತು' ಎಂದು ಒಂದೇ ಉಸಿರಿಗೆ ಹಿಮಾಲಯವನ್ನೇ ದಾಟಿಸಿಬಿಡುವ ಉದಾರಿಗಳೂ ಇದ್ದಾರೆ. ಅವರ ವಿಷಯದಲ್ಲಿ ಹೇಳುವಂಥದೇನೂ ಇಲ್ಲ. ನಾನು ಚಿತ್ರಿಸಹೊರಟಿರುವುದು ಮಾರ್ಗಪ್ರಿಯನಾದ ಸೂತ್ರಧಾರನನ್ನು. ಕಾಶೀಯಾತ್ರೆಯನ್ನು ಮುಗಿಸಿ ಬಂದ ನಮ್ಮ ನೆಂಟರಲ್ಲಿ ಕೆಲವರನ್ನು ವಿಶ್ವನಾಥನ ದರ್ಶನ ಚೆನ್ನಾಗಿ ಆಯಿತೆ ಎಂದು ಕೇಳಿದರೆ, ರೈಲು ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಂತಿತು, ಎಲ್ಲಿಯ ಪೂರಿ ಹಳಸಿತ್ತು, ಮೇಲಿನ ಬರ್ತಿನವನು ಹೇಗೆ ಗೊರಕೆ ಹೊಡೆದನು ಎಂಬಲ್ಲಿಂದ ಪ್ರಾರಂಭಿಸಿ, ನಮ್ಮ ಕಾಫಿ ಆರಿ ದೀಪ ಹಚ್ಚುವ ಹೊತ್ತಾದರೂ ಇನ್ನೂ ಇಟಾರ್ಸಿಯಲ್ಲಿಯೇ ಇರುತ್ತಾರಲ್ಲವೆ? ಅವರ ವಂಶದವನು ಈತ.

ಈ ಪಂಗಡದ ಅಪ್ಪಟ ಪ್ರತಿನಿಧಿಯಾಗಿ ನನಗೆ ದೊರೆತವನು ನನ್ನ ತಂಗಿಯ ಮಗ. ಅವರ ಮಂಡಲಿಯಲ್ಲಿ ಒಬ್ಬನು ವಿವಾಹವಾಗಿ ಶನಿವಾರಗಳನ್ನು ಕಳೆದುಕೊಂಡುದರಿಂದ, ತೆರವಾದ ಕುರ್ಚಿಗೆ ತಾತ್ಕಾಲಿಕವಾಗಿ ನನ್ನನ್ನು ಕೂರಿಸಲಾಯಿತು. "ನೀವು ಸುಮ್ನೆ ಕೂತಿರಿ ಮಾವ, ಹೇಳಿದಾಗ ದಾಳ ಹಾಕಿದ್ರೆ ಸಾಕು" ಎಂಬ ಭರವಸೆಯ ಮೇಲೆ ನಾನು ಒಬ್ಬ ಪುರೋಹಿತನ ಪಾತ್ರವನ್ನು ಅಂಗೀಕರಿಸಿದೆನು. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಸೇತುವೆಗಳ ನಡುವೆಯೇ ಸವೆದು ನಿವೃತ್ತನಾದ ನನಗೆ, ರಸ್ತೆಯಿಲ್ಲದ ರಾಜ್ಯವೊಂದರಲ್ಲಿ ಈ ವಯಸ್ಸಿನಲ್ಲಿ ಕಾಲ್ನಡಿಗೆಯ ಯೋಗವಿತ್ತೆಂದು ಯಾವ ಜೋಯಿಸರೂ ಹೇಳಿರಲಿಲ್ಲ.

ಅಳಿಯನ ಸನ್ನಾಹವನ್ನು ನೋಡಿಯೇ ನಂಬಬೇಕು. ಷಟ್ಕೋನಗಳಿಂದ ತುಂಬಿದ ದೊಡ್ಡ ಹಾಳೆಯ ಮೇಲೆ ಐದು ರಾಜ್ಯಗಳು. ಒಂದೊಂದು ರಾಜ್ಯಕ್ಕೂ ಬೇರೆಬೇರೆಯಾಗಿ ನಿಷ್ಕರ್ಷೆಯಾದ ಮುಂಗಾರು. ಯಾವ ತಿಂಗಳಿನಲ್ಲಿ ಯಾವ ಕಾಡಿನಲ್ಲಿ ಏನು ಎದುರಾಗುವುದೆಂಬುದಕ್ಕೆ ಎನ್‌ಕೌಂಟರ್ ಟೇಬಲ್ಲುಗಳೆಂಬ ಕೋಷ್ಟಕಗಳು. 2014ರ ಆವೃತ್ತಿಯ ನಿಯಮದಂತೆ ಸಾಧಾರಣ ನಡಿಗೆಯವನು ದಿನಕ್ಕೆ 24 ಮೈಲಿ, ಅವಸರದವನು 30 ಮೈಲಿ, ಎಚ್ಚರಿಕೆಯವನು 18 ಮೈಲಿ ನಡೆಯುತ್ತಾನೆ. ಅಂದರೆ ಬೆಂಗಳೂರಿನಿಂದ ಸಾಧಾರಣವಾಗಿ ಹೊರಟ ನಮಗೆ ಬಿಡದಿ ಹಿಂದಾಗಿ ರಾಮನಗರವು ಇನ್ನೂ ದೂರವಿರುವಾಗಲೇ ಕತ್ತಲಾಗುವುದು. ತಲೆಗೆ ದಿನವೊಂದಕ್ಕೆ ಎರಡು ಪೌಂಡು ಬುತ್ತಿ. ಐವತ್ತು ಅಡಿ ಹಗ್ಗದ ತೂಕ ಹತ್ತು ಪೌಂಡು. ಐವತ್ತು ನಾಣ್ಯಕ್ಕೆ ಒಂದು ಪೌಂಡು ಭಾರವಾದುದರಿಂದ ಸಿರಿವಂತನಾದವನು ನಡೆಯಲಾರ. ನಿಯಮಗ್ರಂಥವು ಬೇಕಾದರೆ ಉಂಟು, ಬೇಡವಾದರೆ ಇಲ್ಲ ಎಂಬಂತೆ ಉಸುರಿರುವ ಇಂತಹ ಸಂಗತಿಗಳನ್ನೆಲ್ಲ ಉಳಿದ ಸೂತ್ರಧಾರರು ನೋಡಿಯೂ ನೋಡದಂತೆ ಪುಟ ತಿರುವಿದರೆ, ಈತನು ಅವುಗಳನ್ನೇ ಕೆಂಪು ಶಾಯಿಯಿಂದ ಅಡಿಗೆರೆ ಹಾಕಿ ಓದಿದ್ದಾನೆ.

ಈ ಸ್ವಭಾವವು ಅವನ ಸ್ವಯಾರ್ಜಿತವೆಂದು ಮಾತ್ರ ಹೇಳಲಾರೆ. ಆಟದ ಜಾತಕದಲ್ಲಿಯೇ ಅದು ಬರೆದಿದೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ 1974ರಲ್ಲಿ ಮೂರು ಕಿರುಹೊತ್ತಗೆಗಳು ಒಂದು ಪೆಟ್ಟಿಗೆಯೊಳಗಿದ್ದುಕೊಂಡು ಹೊರಬಿದ್ದವು. ಮೊದಲು ಅಚ್ಚಾದುದು ಸಾವಿರ ಪ್ರತಿ. ಕರ್ತೃಗಳಿಬ್ಬರಲ್ಲಿ ಒಬ್ಬನು ಮಿನೆಸೋಟದ ಡೇವ್ ಆರ್ನೆಸನ್. ಇನ್ನೊಬ್ಬನಾದ ಗ್ಯಾರಿ ಗೈಗ್ಯಾಕ್ಸನು ಅದಕ್ಕೆ ಹಿಂದೆ ಶಿಕಾಗೋ ನಗರದಲ್ಲಿ ವಿಮಾ ಕಂಪನಿಯೊಂದರ ಉದ್ಯೋಗಿಯಾಗಿದ್ದು, ಯಾವ ಮನುಷ್ಯನಿಗೆ ಯಾವ ವಿಪತ್ತು ಎಷ್ಟರಮಟ್ಟಿಗೆ ಸಂಭವನೀಯವೆಂದು ತೂಗಿ ನೋಡುವುದನ್ನೇ ವೃತ್ತಿಯಾಗಿ ಉಳ್ಳವನು. ಆ ಕೆಲಸ ಹೋದ ಬಳಿಕ ಬೂಟು ರಿಪೇರಿಯನ್ನು ಕಲಿತು ಸಂಸಾರ ಸಾಗಿಸಿದವನು. ವಿಪತ್ತುಗಳನ್ನು ಕೋಷ್ಟಕಕ್ಕಿಳಿಸಬಲ್ಲ, ನಡೆಯುವವರ ಅಟ್ಟೆ ಎಲ್ಲಿ ಸವೆಯುವುದೆಂಬುದನ್ನೂ ಬಲ್ಲ ಇಂತಹ ಪುರುಷನ ಕೈಯಲ್ಲಿ ಹುಟ್ಟಿದ ಆಟವು ಪಥಿಕರನ್ನು ಸುಖವಾಗಿ ಇರಗೊಡುವುದೆ? ಆ ಮೂರನೆಯ ಹೊತ್ತಗೆಯಲ್ಲಿ, ಕಾಡುಮೇಡುಗಳ ಸಂಚಾರಕ್ಕಾಗಿ 'ಔಟ್‌ಡೋರ್ ಸರ್ವೈವಲ್' ಎಂಬ 1972ರ ಬೇರೊಂದು ಆಟದ ಹಾಸನ್ನು ತಂದಿಟ್ಟುಕೊಳ್ಳಿರೆಂಬ ಸಲಹೆಯುಂಟು. ಆ ಆಟವಾದರೋ ಅಡವಿಯಲ್ಲಿ ದಾರಿತಪ್ಪಿದವನು ಹಸಿವು ನೀರಡಿಕೆಗಳಿಂದ ಹೇಗೆ ಕೃಶನಾಗುತ್ತಾನೆಂಬುದನ್ನೇ ವಿಷಯವಾಗಿ ಉಳ್ಳದ್ದು. 1986ರಲ್ಲಿ ಇದೇ ಸಂಪ್ರದಾಯದವರು 'ವೈಲ್ಡರ್ನೆಸ್ ಸರ್ವೈವಲ್ ಗೈಡ್' ಎಂದು ಒಂದು ಗ್ರಂಥವನ್ನೇ ಹೊರಡಿಸಿ ಚಳಿಗಾಳಿಗಳಿಗೆ ಶಾಸ್ತ್ರೀಯವಾದ ಸ್ಥಾನಮಾನವನ್ನು ಕಲ್ಪಿಸಿದರು. ಅದರ ಹಳೆಯ ಪ್ರತಿಯೊಂದು, ಕಂದು ಕಾಗದದ ಹೊದಿಕೆಯೊಡನೆ, ಅಳಿಯನ ಮನೆಯಲ್ಲಿದೆ. ನನ್ನ ತಂಗಿ ಅದನ್ನು ಸರಸ್ವತೀ ಪೂಜೆಯ ದಿನ ಮಣೆಯ ಮೇಲೆ ಇತರ ಪುಸ್ತಕಗಳೊಂದಿಗೆ ಇಟ್ಟು ಹೂವೇರಿಸಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಸಿದ್ಧತೆಯ ನಡುವೆ ನಮ್ಮ ಪಾತ್ರಗಳ ಆಸೆ ಆಕಾಂಕ್ಷೆಗಳನ್ನು ಅವನು ಅಲಕ್ಷ್ಯ ಮಾಡಿದನೆಂದು ಯಾರೂ ಆರೋಪಿಸುವಂತಿಲ್ಲ. ಪ್ರಾರಂಭದಲ್ಲಿಯೇ ಪ್ರತಿಯೊಬ್ಬರಿಂದಲೂ 'ನನ್ನ ಪಾತ್ರದ ಪೂರ್ವಚರಿತ್ರೆ ಮತ್ತು ಗುರಿ' ಎಂದು ಒಂದೊಂದು ಪುಟವನ್ನು ಬರೆಸಿಕೊಂಡಿದ್ದನು. ಮಂತ್ರವಾದಿನಿಯಾದ ಹುಡುಗಿ, ಹಗಲುಹೊತ್ತಿನಲ್ಲಿ ಬ್ಯಾಂಕಿನ ಅಧಿಕಾರಿಣಿ, ತನ್ನ ಗುರುವಿನಿಂದ ಅಪಹೃತವಾದ ತಾಳೆಗರಿಯ ಕಟ್ಟನ್ನು ಮರಳಿ ಪಡೆಯಬೇಕೆಂದು ಬರೆದಿದ್ದಳು. ಚೋರನಾದ ಚಾರ್ಟರ್ಡ್ ಅಕೌಂಟೆಂಟನು, ತನ್ನ ತಂದೆ ಸಹಿ ಮಾಡಿಕೊಟ್ಟ ಸಾಲದ ಪತ್ರವೊಂದು ಯಾವನೋ ಸಾಹುಕಾರನಲ್ಲಿರುವುದನ್ನು ಹುಡುಕಿ ಸುಡಬೇಕೆಂದು, ಬಡ್ಡಿಯ ಲೆಕ್ಕದ ಸಮೇತ ಬರೆದಿದ್ದನು. ಕೊಡಲಿಯ ಕುಳ್ಳನಾಗಿ ಮಾರತ್ತಹಳ್ಳಿಯಿಂದ ಬರುತ್ತಿದ್ದ ತರುಣನದು ಒಂದೇ ವಾಕ್ಯ: ಯುದ್ಧಗಳೆಲ್ಲ ಮುಗಿದ ಮೇಲೆ ಸ್ವಂತದ್ದೊಂದು ಹೋಟೆಲು ಇಡಬೇಕು. ಮಂಡಿನೋವಿಲ್ಲದೆ ಊರು ಸೇರಿದರೆ ಸಾಕೆಂದು ನಾನು ಬರೆದುದನ್ನು ಅವನು 'ಇದು ಗುರಿಯಲ್ಲ ಮಾವ' ಎಂದು ತಿದ್ದಿಸಿದನು. ಆ ನಾಲ್ಕು ಪುಟಗಳೂ ಪಾರದರ್ಶಕವಾದ ಫೈಲೊಂದನ್ನು ಸೇರಿ, ಫೈಲಿಗೆ ಹಸಿರು ರಬ್ಬರ್ ಬ್ಯಾಂಡೊಂದು ಬಿದ್ದು, ತೆರೆಯ ಪಕ್ಕದಲ್ಲಿ ಪ್ರತಿ ಶನಿವಾರವೂ ತಪ್ಪದೆ ಬಂದು ಕುಳಿತುಕೊಳ್ಳುತ್ತಿದ್ದವು. ರಬ್ಬರ್ ಬ್ಯಾಂಡು ಹಾಕಿದ ಕಡೆಯಿಂದ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಸರಿದಿರಲಿಲ್ಲ.

ಹೀಗಿರುತ್ತ ನಾವು ಒಂದು ಹೊಳೆಯ ದಡಕ್ಕೆ ಬಂದೆವು.

"ನೀರು ಕೆಂಪಗೆ ತುಂಬಿ ಹರೀತಿದೆ. ಅಗಲ ಎಂಬತ್ತಡಿ. ಮರದ ಬೊಡ್ಡೆಗಳು ತೇಲಿ ಬರ್ತಿವೆ" ಎಂದನು ಸೂತ್ರಧಾರ. ಅವನ ಕಣ್ಣಿನಲ್ಲಿ ಹಬ್ಬದ ಕಳೆಯಿತ್ತು.

ಮಂತ್ರವಾದಿನಿ, ಹಾರುವ ಮಂತ್ರವನ್ನು ಪ್ರಯೋಗಿಸುವೆನೆಂದಳು. ಒಮ್ಮೆಗೆ ಒಬ್ಬರನ್ನು ಮಾತ್ರ ಹಾರಿಸಬಹುದೆಂದೂ, ಗಾಳಿ ಬೇರೆ ಬಲವಾಗಿದೆಯೆಂದೂ ಉತ್ತರ ಬಂತು. ಹಾರಿದಳು, ದಾಳ ಅನುಕೂಲವಾಗಿ ಆಚೆಯ ದಡದಲ್ಲಿ ಇಳಿದಳು, ಇಳಿದೊಡನೆ ಕೋಷ್ಟಕದ ಪ್ರಕಾರ ಅಲ್ಲಿ ತೋಳಗಳಿದ್ದುದರಿಂದ ಮಂತ್ರದ ಅವಧಿ ಮುಗಿಯುವುದರೊಳಗೆ ಹಾರಿಕೊಂಡೇ ಹಿಂದಕ್ಕೆ ಬಂದಳು. ಚೋರನು ಹಗ್ಗವನ್ನು ತೆಗೆದನು. ಹಗ್ಗ ಐವತ್ತಡಿ, ಹೊಳೆ ಎಂಬತ್ತಡಿ. ಕುಳ್ಳನು ಕಬ್ಬಿಣದ ಕವಚದೊಡನೆ ನೀರಿಗಿಳಿದರೆ ಏನಾಗುವುದೆಂಬುದನ್ನು ವಿವರಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಈ ಘಟ್ಟದಲ್ಲಿ ನನ್ನ ಪೂರ್ವಾಶ್ರಮವು ಜಾಗೃತವಾಗಿ, ದಡದಲ್ಲಿ ಹೊನ್ನೆಯೋ ಮತ್ತಿಯೋ ಮರಗಳಿದ್ದಲ್ಲಿ ಎರಡು ಕಾಲುಗಂಬಗಳ ತಾತ್ಕಾಲಿಕ ಸೇತುವೆಯೊಂದನ್ನು ಕಟ್ಟುವುದು ಅಸಾಧ್ಯವೇನಲ್ಲವೆಂದು ಹೇಳಿ, ಕಾಗದದ ಮೇಲೆ ನಕ್ಷೆಯನ್ನು ಬರೆಯತೊಡಗಿದೆನು.

"ಮಾವ, ನಿಮಗೆ ಗೊತ್ತಿರಬಹುದು. ನಿಮ್ಮ ಪುರೋಹಿತನಿಗೆ ಗೊತ್ತಿಲ್ಲ."

ಸರ್ಕಾರವು ನನ್ನಿಂದ ಕಸಿದುಕೊಳ್ಳಲಾರದೆ ಹೋದ ವಿದ್ಯೆಯನ್ನು ಅಳಿಯನು ಒಂದೇ ವಾಕ್ಯದಲ್ಲಿ ಕಸಿದುಕೊಂಡನು. ಅಂತೂ ಹಗ್ಗಕ್ಕೆ ಬಳ್ಳಿಗಳನ್ನು ಸೇರಿಸಿ ಹೊಸೆದು, ಬುತ್ತಿಯ ಗಂಟನ್ನು ಮೊದಲು ದಾಟಿಸುವುದೆಂದು ನಿಶ್ಚಯಿಸಿ, ದಾಳವನ್ನು ನನ್ನ ಕೈಗೆ ಕೊಟ್ಟರು. ಒಂದು ಬಿತ್ತು. ಗಂಟು ಹೊಳೆಯ ಪಾಲಾಯಿತು. ಇನ್ನು ಬೇಟೆಯಾಡಬೇಕು, ಗೆಡ್ಡೆ ಅಗೆಯಬೇಕು, ಅವುಗಳಿಗೆ ಬೇರೆ ಕೋಷ್ಟಕ. ಆ ಹೊತ್ತಿಗೆ ಸರಿಯಾಗಿ ಒಗ್ಗರಣೆ ಅವಲಕ್ಕಿಯ ತಟ್ಟೆಗಳೊಡನೆ ಬಂದ ನನ್ನ ತಂಗಿ, "ಅಣ್ಣಾ, ಹೋದ ವಾರಾನೂ ಹೊಳೇಲೇ ಇದ್ರಲ್ಲ, ಇನ್ನೂ ಅಲ್ಲೇ ಇದೀರಾ?" ಎಂದಳು. ನಾನು ಮೇಜಿನ ಸುತ್ತ ನೋಡಿದೆನು. ಮಂತ್ರವಾದಿನಿ ಅವಲಕ್ಕಿಯಲ್ಲಿ ಕಡಲೆಕಾಯಿಬೀಜಗಳನ್ನು ಆರಿಸುತ್ತಿದ್ದಳು. ಚೋರನು ಮೇಜಿನ ಕೆಳಗೆ ಫೋನು ಹಿಡಿದು ಚಿನ್ನಸ್ವಾಮಿಯಲ್ಲಿ ಎಷ್ಟು ವಿಕೆಟ್ಟು ಬಿದ್ದುವೆಂದು ತಿಳಿಯುತ್ತಿದ್ದನು. ಎರಡು ಗಂಟೆಗಳ ಕಾಲ ಸಿಲ್ಕ್ ಬೋರ್ಡಿನ ಕಡೆಯ ವಾಹನಪ್ರವಾಹವನ್ನು ನಿಜವಾಗಿಯೂ ದಾಟಿ ಬಂದಿದ್ದ ಕುಳ್ಳನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದನು. ಹೊಳೆಯ ಆಚೆ ಏನಿದೆಯಪ್ಪಾ ಎಂದು ನಾನು ಕೇಳಿದುದಕ್ಕೆ, ಏಳು ಅಂತಸ್ತಿನ ಕೋಟೆಯಿದೆ ಎಂದನು ಅಳಿಯ. ಕೋಟೆಯಲ್ಲಿ ನಮ್ಮದೇನಿದೆ? "ಅದು ಹೋದ್ಮೇಲೆ ಗೊತ್ತಾಗುತ್ತೆ ಮಾವ."

ನನಗೆ ತೋರಿದುದಿಷ್ಟು: ಹೊಳೆಯಲ್ಲಿ ದೋಷವಿರಲಿಲ್ಲ. ಆಚೆಯ ದಡದ ಮೇಲೆ ನಮ್ಮಲ್ಲಿ ಒಬ್ಬರಿಗಾದರೂ ಆಸೆಯಿರಲಿಲ್ಲ. ಆಸೆಯಿಲ್ಲದವನಿಗೆ ಎಂಬತ್ತಡಿಯ ಹೊಳೆ ಅಡ್ಡಿಯಲ್ಲ. ಅದು ಬರಿಯ ನೀರು.

ರಾತ್ರಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನನ್ನನ್ನು ಮನೆಗೆ ಬಿಡುವಾಗ ಅಳಿಯನು ತನ್ನ ದುಃಖವನ್ನು ತೋಡಿಕೊಂಡನು. ಹಾರುವ ಮಂತ್ರವೊಂದು ಬಂದುಬಿಟ್ಟರೆ ಪ್ರಯಾಣದ ಸ್ವಾರಸ್ಯವೇ ಹೋಗುವುದಂತೆ. ಒಂದೇ ಒಂದು ಹಣ್ಣಿನಿಂದ ದಿನದ ಹಸಿವು ತೀರುವಂತಹ ಹತ್ತು ಹಣ್ಣುಗಳನ್ನು ಸೃಷ್ಟಿಸುವ ಇನ್ನೊಂದು ಮಂತ್ರವನ್ನು ಮೊದಲನೆಯ ಮೆಟ್ಟಿಲಿನಲ್ಲಿಯೇ ಇಟ್ಟ ನಿಯಮಕರ್ತರಿಗೆ ಬುತ್ತಿಯ ಗೌರವ ತಿಳಿಯದಂತೆ. ಏಕಾದಶಿಗೆ ಅನುಕೂಲವಾದ ಮಂತ್ರವಲ್ಲವೆ ಎಂದು ನಾನೆಂದುದು ಅವನಿಗೆ ರುಚಿಸಲಿಲ್ಲ. ಆಗ ನಾನು, ಹೆಲ್ಮೆಟ್ಟಿನೊಳಗಿನ ಅವನ ಕಿವಿಗೆ ಕೇಳುವಷ್ಟು ಉಚ್ಚಸ್ವರದಲ್ಲಿ, ವಾಲ್ಮೀಕಿಯ ವಿಷಯವನ್ನೆತ್ತಿದೆನು.

ಆ ಕವಿಯ ಹನುಮಂತನೂ ಹಾರಬಲ್ಲವನೇ. ನೂರು ಯೋಜನದ ಸಮುದ್ರ. ಕೆಳಗೆ ಮೊಸಳೆ ತಿಮಿಂಗಿಲಗಳಿದ್ದರೂ ಅವಕ್ಕೆ ಎಟುಕದ ಎತ್ತರ. ಸೂತ್ರಧಾರನಾದವನು ದಾಳವನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋಗಬೇಕಾದ ಸನ್ನಿವೇಶ. ಹಾಗಿದ್ದೂ ವಾಲ್ಮೀಕಿಯು ಮಳೆ ಗಾಳಿಗಳ ಗೊಡವೆಗೇ ಹೋಗದೆ ಎಂತಹ ಅಡ್ಡಿಗಳನ್ನು ತಂದನು, ನೋಡಬೇಕು. ಮೊದಲು ಎದ್ದುಬಂದುದು ಮೈನಾಕ ಪರ್ವತ. ಅದು ಶತ್ರುವೇ ಅಲ್ಲ. ದಣಿದಿದ್ದೀಯೆ, ನನ್ನ ಮೇಲೆ ಕ್ಷಣಕಾಲ ವಿಶ್ರಮಿಸು, ಗೆಡ್ಡೆಗೆಣಸು ಹಣ್ಣುಗಳಿವೆ ಎಂದು ಕೈಮುಗಿದು ನಿಂತ ಆತಿಥೇಯನನ್ನು ನಿರಾಕರಿಸಿ ಮುಂದೆ ಹೋಗುವುದು ರಾಕ್ಷಸನನ್ನು ಕೊಲ್ಲುವುದಕ್ಕಿಂತ ಕಷ್ಟವೆಂಬುದನ್ನು, ಅವಸರದಲ್ಲಿರುವಾಗ ನೆಂಟರ ಮನೆಯ ಮುಂದೆ ಹಾದುಹೋದವರೆಲ್ಲ ಬಲ್ಲರು. ಹನುಮಂತನು ಅದನ್ನು ಕೈಯಿಂದ ಮುಟ್ಟಿ ಗೌರವಿಸಿ ಸಾಗಿದನು. ಸೀತೆಯ ಕಾರ್ಯ ಎಷ್ಟು ಅವಸರದ್ದೆಂಬುದು ನಮಗೆ ತಿಳಿದುದು ಅಲ್ಲಿ. ಆಮೇಲೆ ಸುರಸೆ. ನನ್ನ ಬಾಯೊಳಗೆ ಹೊಕ್ಕೇ ಹೋಗಬೇಕೆಂದು ಅವಳ ವರ. ಹಿಂದಿರುಗುವಾಗ ಬರುತ್ತೇನೆಂದರೆ ಕೇಳುವವಳಲ್ಲ. ಬಲದಿಂದ ನಿವಾರಿಸುವಂತಿಲ್ಲ, ಅವಳ ಮಾತನ್ನು ಉಳಿಸಿಯೇ ತನ್ನ ಕೆಲಸವನ್ನೂ ಉಳಿಸಿಕೊಳ್ಳಬೇಕು. ಅವಳು ಬಾಯಿ ಹಿಗ್ಗಿಸಿದಂತೆಲ್ಲ ಇವನು ಬೆಳೆದು, ಕೊನೆಗೆ ಹೆಬ್ಬೆರಳಷ್ಟಾಗಿ ಒಳಹೊಕ್ಕು ಹೊರಬಂದನು. ಬರಿಯ ಹೊಡೆದಾಟಕ್ಕೆಂದು ಬಂದವಳು ನೆರಳನ್ನು ಹಿಡಿದೆಳೆಯುವ ಸಿಂಹಿಕೆಯೊಬ್ಬಳೇ. ಅವಳಿಗೆ ಕವಿಯು ಹೆಚ್ಚು ಶ್ಲೋಕಗಳನ್ನು ವ್ಯಯಿಸಲೂ ಇಲ್ಲ.

ಬುತ್ತಿಯ ಮಾತಿಗೆ ವ್ಯಾಸನನ್ನು ನೋಡು, ಎಂದೆನು. ಹನ್ನೆರಡು ವರ್ಷದ ವನವಾಸಕ್ಕೆ ದಿನಕ್ಕೆ ಎರಡು ಪೌಂಡಿನಂತೆ ಲೆಕ್ಕ ಹಾಕುತ್ತ ಕುಳಿತಿದ್ದರೆ ಭಾರತವು ಅರಣ್ಯಪರ್ವದಲ್ಲಿಯೇ ಸಮಾಪ್ತಿಯಾಗುತ್ತಿತ್ತು. ಆದುದರಿಂದ ಆತನು ಪ್ರಾರಂಭದಲ್ಲಿಯೇ ಸೂರ್ಯನಿಂದ ಅಕ್ಷಯಪಾತ್ರೆಯನ್ನು ಕೊಡಿಸಿ ಆ ತಾಪತ್ರಯವನ್ನು ತೀರಿಸಿಬಿಟ್ಟನು. ತೀರಿಸಿಯೂ, ದ್ರೌಪದಿಯ ಊಟವಾದ ಮೇಲೆ ಆ ದಿನಕ್ಕೆ ಪಾತ್ರೆ ಬರಿದೆಂಬ ಸಣ್ಣದೊಂದು ಕಟ್ಟಳೆಯನ್ನು ಉಳಿಸಿಕೊಂಡು, ಸರಿಯಾಗಿ ಅವಳು ಕೈತೊಳೆದ ಮೇಲೆ ದುರ್ವಾಸನನ್ನು ಶಿಷ್ಯಸಮೇತ ಕಳುಹಿಸಿದನು. ಹಸಿವು ಋಷಿಗಳದು, ಹೋಗುವ ಮಾನ ಪಾಂಡವರದು.

ಅಳಿಯನು ಸ್ಕೂಟರನ್ನು ನಿಧಾನಿಸಿದನು. ಮಾತು ನಾಟಿತೆಂದು ನನಗೆ ಸಂತೋಷವಾಯಿತು. ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಜೇಬಿನಿಂದ ಪುಟ್ಟ ಡೈರಿಯನ್ನು ತೆಗೆದು, "ಮಾವ, ಆ ಸಿಂಹಿಕೆ ನೆರಳು ಹಿಡಿಯೋದು ಎಷ್ಟು ದೂರದಿಂದ? ಮೋಡ ಇದ್ರೆ ಹಿಡಿಯೋಕಾಗಲ್ಲ ಅಲ್ವಾ?" ಎಂದನು. ಮೈನಾಕ ಸುರಸೆಯರು ಗಾಳಿಗೆ ಹೋಗಿದ್ದರು. ಎನ್‌ಕೌಂಟರ್ ಟೇಬಲ್ಲಿಗೆ ಒಂದು ಹೊಸ ಸಾಲು ಸೇರಿತ್ತು.

ಮುಂದಿನ ಶನಿವಾರ ಹೊಳೆ ಹಾಗೆಯೇ ತುಂಬಿ ಹರಿಯುತ್ತಿತ್ತು. ಹೆಚ್ಚಿಗೆಂದರೆ ದಡದಲ್ಲಿ ನೆರಳುಹಿಡುಕಿಯೊಬ್ಬಳು ಬಂದು ಸೇರಿದ್ದಳು. ಅವಳನ್ನು ಗೆಲ್ಲುವ ಹೊತ್ತಿಗೆ ರಾತ್ರಿ ಒಂಬತ್ತಾಯಿತು. ಕೊಲ್ಲದೆ ಕಟ್ಟಿಹಾಕಿದ್ದೆವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆಗ ಅಲ್ಲಿಯವರೆಗೆ ಕಣ್ಣು ಮು‌ಚ್ಚಿದ್ದ ಕುಳ್ಳನು ಎದ್ದು ಕುಳಿತು, "ಗುರು, ಈ ನೀರು ಇಳಿಯೋಕೆ ಎಷ್ಟು ದಿನ ಬೇಕು?" ಎಂದು ಕೇಳಿದನು.

ಕೋಷ್ಟಕದ ವಿಷಯವಾಗಿ ಯಾರಾದರೂ ತಾವಾಗಿಯೇ ಪ್ರಶ್ನಿಸಿದುದು ಅದೇ ಮೊದಲು. ಸೂತ್ರಧಾರನು ಪುಲಕಿತನಾಗಿ ಹಾಳೆಗಳನ್ನು ತಿರುವಿ, ದಾಳವೆಸೆದು, "ಹನ್ನೆರಡು ದಿನ" ಎಂದನು.

"ನಮ್ಮ ಥರ ಬೇರೆ ಯಾರೂ ಇಲ್ಲಿ ಸಿಕ್ಹಾಕ್ಕೊಂಡಿಲ್ವಾ?"

ಪುನಃ ದಾಳಗಳುರುಳಿದವು. ಉಪ್ಪಿನ ವ್ಯಾಪಾರಿಗಳು ಎತ್ತುಗಳೊಡನೆ ಇದ್ದರು. ಒಂದು ಮದುವೆಯ ದಿಬ್ಬಣವಿತ್ತು. ಇಬ್ಬರು ಯಾತ್ರಿಕರೂ, ಸುಂಕದವನೊಬ್ಬನೂ ಇದ್ದರು.

"ಅಷ್ಟೂ ಜನ ಹನ್ನೆರಡು ದಿನ ಊಟಕ್ಕೆ ಏನ್ಮಾಡ್ತಾರೆ?"

ತೆರೆಯ ಹಿಂದೆ ಮೌನ.

"ಹಂಗಾದ್ರೆ ನಾನು ಇಲ್ಲೇ ಹೋಟ್ಲು ಇಡ್ತೀನಿ. ಹೊಳೆ ದಾಟೋರು ದಾಟ್ಕೊಳ್ಳಿ."

ಮುಂದಿನ ಎರಡು ಗಂಟೆಗಳಲ್ಲಿ ಆ ಮೇಜಿನ ಸುತ್ತ ನಡೆದುದನ್ನು ಕ್ರಮವಾಗಿ ಹೇಳುವುದು ನನ್ನಿಂದಾಗದು, ಏಕೆಂದರೆ ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು. ಕಾಫಿಯಿಂದ ಪ್ರಾರಂಭಿಸೋಣವೆಂದನು ಕುಳ್ಳ. ಈ ಲೋಕದಲ್ಲಿ ಕಾಫಿಯಿಲ್ಲವೆಂದನು ಸೂತ್ರಧಾರ. ಹಾಗಾದರೆ ಗಂಜಿ, ಉಪ್ಪು ಹೇಗೂ ವ್ಯಾಪಾರಿಗಳಲ್ಲಿದೆ ಎಂದು ತೀರ್ಮಾನವಾಯಿತು. ಚೋರನ ಫೋನು ಮಗುಚಿ ಮೇಜಿನ ಮೇಲೆ ಮಲಗಿತು. ಉಪ್ಪಿನವರೆಂದ ಮೇಲೆ ಸಾಹುಕಾರರ ಸಾಲವಿಲ್ಲದವರುಂಟೆ, ಇವರಲ್ಲಿ ಯಾರ ಪತ್ರ ಯಾರ ಬಳಿಯಿದೆಯೆಂದು ಗಂಜಿ ಬಡಿಸುತ್ತಲೇ ವಿಚಾರಿಸಬೇಕೆಂದು ಅವನು ಹೊರಟನು. ಮುಹೂರ್ತ ಮೀರುವುದೆಂದು ಅಳುತ್ತಿದ್ದ ದಿಬ್ಬಣದವರಿಗೆ ನಾನು, ವೃತ್ತಿಯಿಂದ ಪುರೋಹಿತನಾದುದರಿಂದ, ವರನನ್ನು ಆಚೆಯ ದಡದಿಂದ ಹಾರಿಸಿ ತರಿಸುವುದಾದರೆ ಈಚೆಯ ದಡದಲ್ಲಿಯೇ ಧಾರೆಯೆರೆಸಲು ಸಿದ್ಧನೆಂದೆನು. ಮಂತ್ರವಾದಿನಿ ತೋಳಗಳನ್ನು ಲೆಕ್ಕಿಸದೆ ಹಾರಿ ವರನನ್ನು ತಂದಳು. ಆದರೆ ಅವಳ ಪ್ರತಿಭೆ ಸಂಪೂರ್ಣವಾಗಿ ಪ್ರಕಾಶಿಸಿದುದು, ಗಂಜಿ ಕುಡಿದು ದುಡ್ಡು ಕೊಡದೆ ಜಾರಿಕೊಳ್ಳುವವರ ಪ್ರಶ್ನೆ ಬಂದಾಗ. ಕಟ್ಟಿಹಾಕಿದ್ದ ನೆರಳುಹಿಡುಕಿಯೊಡನೆ ಸಂಧಾನ ಮಾಡಿಕೊಂಡು, ಎರಡು ಹೊತ್ತು ಊಟದ ಕರಾರಿನ ಮೇಲೆ, ಅವಳನ್ನು ಹೋಟೆಲಿನ ಬಾಗಿಲಿನಲ್ಲಿ ಗಲ್ಲಾದ ಪಕ್ಕಕ್ಕೆ ಕೂರಿಸಿದಳು. ಸುಂಕದವನೇ ಮೊದಲು ಸಿಕ್ಕಿಬಿದ್ದನು.

ಸೂತ್ರಧಾರನ ಮುಖವನ್ನು ನೋಡಿ ನನಗೆ ಮೊದಮೊದಲು ಕನಿಕರವಾಯಿತು. ಆಚೆಯ ದಡದಲ್ಲಿ ಏಳು ಅಂತಸ್ತಿನ ಕೋಟೆ, ಒಂದೊಂದು ಅಂತಸ್ತಿಗೂ ಬಣ್ಣದ ಪೆನ್ಸಿಲಿನ ನಕ್ಷೆ, ಎಲ್ಲವೂ ಅನಾಥವಾಗಿ ನಿಂತಿದ್ದವು. ಎರಡು ಮೂರು ಬಾರಿ, ಕೋಟೆಯ ದಿಕ್ಕಿನಿಂದ ಹೊಗೆ ಏಳುತ್ತಿದೆಯೆಂದು ಅವನು ಸೂಚಿಸಿದನು. ಅಲ್ಲಿಯೂ ಅಡಿಗೆ ನಡೆಯುತ್ತಿರಬೇಕೆಂದು ಕುಳ್ಳನು ಉತ್ತರಿಸಿದನು. ಆದರೆ ಹತ್ತೂವರೆಯ ವೇಳೆಗೆ ಒಂದು ವಿಚಿತ್ರ ಘಟಿಸಿತು. ಅವನು ಎಂದಿನ ಅಭ್ಯಾಸದಂತೆ ಮಳೆಯ ದಾಳವನ್ನು ಉರುಳಿಸಿ, "ಮಳೆ ಜೋರಾಗಿದೆ" ಎಂದ ಕೂಡಲೆ, ಇಷ್ಟು ದಿನ ಮಳೆಯೆಂದರೆ ಆಕಳಿಸುತ್ತಿದ್ದ ಮೂವರೂ ಒಮ್ಮೆಲೇ ಮುಂದಕ್ಕೆ ಬಾಗಿದರು. ಎಷ್ಟು ಜೋರು? ಸೌದೆ ನೆನೆಯಿತೆ? ಹೊಳೆ ಇನ್ನೆರಡು ದಿನ ಇಳಿಯುವುದಿಲ್ಲವೆಂದಾದರೆ ಅಕ್ಕಿ ಸಾಲುವುದೆ? ಸಾಲದಿದ್ದರೆ ಹಿಂದಿನ ಹಳ್ಳಿಗೆ ಎಷ್ಟು ಮೈಲಿ, ಹೋಗಿ ಬರಲು ಎಷ್ಟು ದಿನ? ಐದು ರಾಜ್ಯಗಳ ಮುಂಗಾರನ್ನು ಲೆಕ್ಕಹಾಕಿಟ್ಟುಕೊಂಡು ಕೇಳುವವರಿಲ್ಲದೆ ಸೊರಗಿದ್ದ ಆ ಮನುಷ್ಯನನ್ನು ಇದ್ದಕ್ಕಿದ್ದಂತೆ ಮೂರು ಕಡೆಯಿಂದ ಮಳೆಯ ವಿಷಯವಾಗಿಯೇ ಪೀಡಿಸತೊಡಗಿದರೆ ಅವನು ಏನಾಗಬೇಕು! ಸ್ವರ ಗದ್ಗದವಾಯಿತು. ಕೈ ತಾನಾಗಿಯೇ ಪಕ್ಕಕ್ಕೆ ಹೋಗಿ ಹಸಿರು ರಬ್ಬರ್ ಬ್ಯಾಂಡನ್ನು ಎಳೆಯಿತು. ಬಹುಕಾಲ ಅಲುಗದಿದ್ದ ಅದು ಪಟ್ಟನೆ ಕಿತ್ತುಬಂದಿತು. ನಾಲ್ಕು ಪುಟಗಳನ್ನೂ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಪ್ಪಿನ ಮೂಟೆಗಳ ನಡುವೆ ಒಂದು ತಾಳೆಗರಿ ಕಟ್ಟು ಕಾಣಿಸ್ತಿದೆ" ಎಂದು ಮಂತ್ರವಾದಿನಿಯ ಕಡೆ ನೋಡಿದನು.

ಇದು ಈ ಆಟದ ಚರಿತ್ರೆಯಲ್ಲಿ ಅಪೂರ್ವವೇನಲ್ಲ. ಪೆಟ್ಟಿಗೆ ಅಚ್ಚಾಗುವುದಕ್ಕೆ ಮೊದಲು, 1969ರ ಸುಮಾರಿನಲ್ಲಿ, ಮಿನೆಸೋಟದ ಅವಳಿನಗರಗಳಲ್ಲಿ ಡೇವಿಡ್ ವೆಸ್ಲಿ ಎಂಬಾತನು ನೆಪೋಲಿಯನ್ನನ ಕಾಲದ ಒಂದು ಯುದ್ಧದಾಟವನ್ನು ಹೂಡಿ, ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣದಲ್ಲಿ ಸೇನಾಪತಿಗಳಿಗಲ್ಲದೆ ಊರಿನವರಿಗೂ ಒಂದೊಂದು ಪಾತ್ರವನ್ನೂ ಸ್ವಂತದ ಗುರಿಯನ್ನೂ ಕೊಟ್ಟನಂತೆ. ಯುದ್ಧ ಪ್ರಾರಂಭವಾಗಲೇ ಇಲ್ಲ. ಆಡಲು ಬಂದವರು ತಮ್ಮ ತಮ್ಮ ಗುರಿಗಳ ಬೆನ್ನುಹತ್ತಿ ಮೂಲೆಮೂಲೆಗಳಲ್ಲಿ ಪಿಸುಗುಟ್ಟುತ್ತ, ಒಳಸಂಚು ಹೂಡುತ್ತ, ಸೂತ್ರಧಾರನ ಕೈಗೇ ಸಿಕ್ಕದೆ ಚೆದರಿಹೋದರು. ಆಟವು ಕೆಟ್ಟಿತೆಂದು ವೆಸ್ಲಿ ನೊಂದುಕೊಂಡಿರಲು, ಆಡಿದವರು ಬಂದು ಮುಂದಿನದು ಯಾವಾಗಲೆಂದು ಕೇಳಿದರು. ಹಾಗೆ ಆಡಿದವರಲ್ಲಿ ಆರ್ನೆಸನ್ನನೂ ಒಬ್ಬನು.

ಅಳಿಯನು ಸುಧಾರಿಸಿದನೆಂದು ಓದುಗರು ತಿಳಿಯಬಾರದು. ಆ ಜಾತಿ ಸುಧಾರಿಸುವುದಿಲ್ಲ. ಹೊಳೆ ಎಂದೋ ಇಳಿದು ಮೊಣಕಾಲುದ್ದವಾಗಿದೆ, ದಾಟುವವರಿಲ್ಲ. ಹೋಟೆಲಿಗೆ ಎರಡು ಬೆಂಚು, ಒಂದು ಹೆಂಚಿನ ಮಾಡು ಬಂದಿವೆ. ಚೋರನ ಸಾಲಪತ್ರ ಸಿಕ್ಕಿ ಸುಟ್ಟದ್ದೂ ಆಯಿತು. ಈಗ ಸೂತ್ರಧಾರನ ಹಾಳೆಗಳಲ್ಲಿ ಬೆಲ್ಲದ ಧಾರಣೆಗೊಂದು ಕೋಷ್ಟಕ, ಹಾಲು ಒಡೆಯುವುದಕ್ಕೊಂದು ಕೋಷ್ಟಕ, ಮಾಡು ಸೋರುವುದಕ್ಕೊಂದು ಕೋಷ್ಟಕ; ಒಂದು ಲೋಟ ಮಜ್ಜಿಗೆಯನ್ನು ಗಿರಾಕಿಯ ಕೈಗೆ ಕೊಡಬೇಕಾದರೂ ಆ ಹಸು ಮೇದ ಹುಲ್ಲಿನ ವಿಚಾರ ಇತ್ಯರ್ಥವಾಗಬೇಕು. ವ್ಯತ್ಯಾಸವಿಷ್ಟೆ: ಈಗ ನಾವೂ ಅವನೊಡನೆ ಆ ಹುಲ್ಲಿನ ವಿಷಯದಲ್ಲಿ ಜಗಳವಾಡುತ್ತೇವೆ.

ಸಾಲಪತ್ರ ಸುಟ್ಟ ಚೋರನಿಗೆ ನಿಜಜೀವನದಲ್ಲಿ ಪುಣೆಗೆ ವರ್ಗವಾಗಿರುವುದರಿಂದ ನಮ್ಮಲ್ಲಿ ಒಂದು ಸ್ಥಾನ ತೆರವಾಗಿದೆ. ಆಚೆಯ ದಡದಲ್ಲಿ ಏಳು ಅಂತಸ್ತಿನ ಕೋಟೆ ಇನ್ನೂ ಹಾಗೆಯೇ ಇದೆ. ಅದನ್ನು ನೋಡಲೇಬೇಕೆಂಬ ಛಲವುಳ್ಳವರು ಓದುಗರಲ್ಲಿ ಯಾರಾದರೂ ಇದ್ದರೆ ಶನಿವಾರ ಸಂಜೆ ಆರಕ್ಕೆ ಬಂದು ಸೇರಬಹುದು. ದಾಳಗಳನ್ನು ನಾವೇ ಕೊಡುತ್ತೇವೆ, ಅವಲಕ್ಕಿ ನನ್ನ ತಂಗಿಯದು. ಬರುವಾಗ ತಮ್ಮ ಪಾತ್ರಕ್ಕೆ ಏನು ಬೇಕೆಂಬುದನ್ನು ಒಂದು ಪುಟದಲ್ಲಿ ಬರೆದು ತರತಕ್ಕದ್ದು. ಅದು ಮಾತ್ರ ಹೋಟೆಲಿನ ಯಜಮಾನಿಕೆ ಆಗಿರಕೂಡದು. ಆ ಕೆಲಸಕ್ಕೆ ಜನವಿದ್ದಾರೆ.